ಗಂಡು ನೊಣದ ಗುಟ್ಟು ಹಿಡಿದ ಹೌಲೆಟ್ ಸಾಹೇಬರು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ಕಬ್ಬೇ ದೊಡ್ಡ ಬೆಳೆ. ಆದರೂ ನಮ್ಮಲ್ಲಿ ಅನೇಕರು ಎಕರೆ, ಎರಡೆಕರೆ ಪೇರಲ, ಮಾವು, ಚಿಕ್ಕು ಹಚ್ಚಿದ್ದೇವೆ. ಮೇಲೆ ಚೆಂದ ಕಾಣುವ ಪೇರಲ ಹಣ್ಣು ಒಡೆದರೆ ಒಳಗ ಬರೀ ಹುಳ! ಈ ಸಂಕಟ ತೋಟಿಗರಿಗೆಲ್ಲ ಗೊತ್ತಿದ್ದದ್ದೇ. ಅದಕ್ಕೆ ಈಗ ಗಿಡಕ್ಕೆ ಮೋಹಕ ಬಲೆ ಕಟ್ಟುತ್ತೇವೆ. ಆ ಬಲೆಯ ಮೂಲ ಶೋಧಿಸಿದ ಮಹನೀಯರನ್ನು ಬೆಳ್ಳಿ ಹಬ್ಬದ ಈ ಸಂದರ್ಭದಲ್ಲಿ ನೆನೆಯುವುದು ಯೋಗ್ಯವೆನಿಸುತ್ತದೆ.

ಫ್ರಾಂಕ್ ಮಿಲ್ಬರ್ನ್ ಹೌಲೆಟ್ ಅವರು 1877ರಲ್ಲಿ ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದಲ್ಲಿ ಜನಿಸಿದರು. ಕೇಂಬ್ರಿಜ್‌ನಲ್ಲಿ ಓದಿ, ಭಾರತಕ್ಕೆ ಬಂದು ಅಲಹಾಬಾದಿನ ಮ್ಯೂರ್ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದರು. 1907ರಲ್ಲಿ ಬಿಹಾರದ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯ ಕೀಟಶಾಸ್ತ್ರ ವಿಭಾಗ ಸೇರಿದರು. 1909ರಲ್ಲಿ ಹೊರಬಂದ ಭಾರತದ ಕೀಟಗಳ ದೊಡ್ಡ ಗ್ರಂಥದಲ್ಲಿ ಮ್ಯಾಕ್ಸ್‌ವೆಲ್ ಲೆಫ್ರಾಯ್ ಅವರಿಗೆ ನೆರವಾದರು.

ಅವರ ನೆರೆಯವರೊಬ್ಬರು ಸೊಳ್ಳೆ ಕಾಟ ತಾಳಲಾರದೆ ಸಿಟ್ರೊನೆಲ್ಲಾ ಹುಲ್ಲಿನ ಎಣ್ಣೆ ಬಳಸುತ್ತಿದ್ದರು. ಸೊಳ್ಳೆ ಓಡಿಸಲು ಹೋದರೆ ಹಣ್ಣಿನ ನೊಣಗಳು ಮುತ್ತಿಕೊಂಡವು. ಬೇರೆಯವರಾಗಿದ್ದರೆ ನೊಣ ಹೊಡೆದು ಸುಮ್ಮನಾಗುತ್ತಿದ್ದರು. ಹೌಲೆಟ್ ಬಿಡಲಿಲ್ಲ. ಪರೀಕ್ಷಿಸಿದಾಗ ಬಂದವೆಲ್ಲ ಗಂಡು ನೊಣಗಳು! 1912ರಲ್ಲಿ ಈ ಸಂಗತಿ ಪ್ರಕಟಿಸಿದರು. ಎಣ್ಣೆಯೊಳಗಿನ ಯಾವ ಅಂಶ ಅವನ್ನು ಎಳೆಯುತ್ತದೆಂದು ಒಂದೊಂದಾಗಿ ಶೋಧಿಸಿ, ಅದು ಮಿಥೈಲ್ ಯುಜೆನಾಲ್ ಎಂದು 1915ರಲ್ಲಿ ತಿಳಿಸಿದರು. ನಮ್ಮ ಅಂಗಳದ ತುಳಸಿಯಲ್ಲೂ ಈ ಅಂಶವಿದೆ.

1920ರ ಆಗಸ್ಟಿನಲ್ಲಿ ಮಸ್ಸೂರಿಯಲ್ಲಿ ಹೌಲೆಟ್ ತೀರಿಕೊಂಡರು. ಆಗ ಅವರಿಗೆ ಬರೇ 43 ವರ್ಷ. ತಮ್ಮ ಶೋಧದ ಪೂರ್ಣ ಫಲ ಕಾಣುವ ಭಾಗ್ಯ ಅವರಿಗೆ ಇರಲಿಲ್ಲ. 1960ರ ದಶಕದಲ್ಲಿ ಪೆಸಿಫಿಕ್ ಸಾಗರದ ರೋಟಾ ಎಂಬ ದ್ವೀಪದ ತುಂಬ ಮಿಥೈಲ್ ಯುಜೆನಾಲ್ ಮತ್ತು ಕೀಟನಾಶಕದಲ್ಲಿ ನೆನೆಸಿದ ತುಂಡುಗಳನ್ನು ಹರಡಿ ಹಣ್ಣಿನ ನೊಣದ ಸಂತತಿಯನ್ನೇ ಅಳಿಸಲಾಯಿತು.

ಅಲ್ಲಿ ಸಾಧ್ಯವಾದದ್ದು ನಮ್ಮಲ್ಲಿ ಯಾಕ ಆಗವಲ್ದು? ಕಾರಣ ಸರಳ. ಬಲೆಗೆ ಬೀಳುವುದು ಗಂಡು ಮಾತ್ರ. ಗಂಡು ಕಡಿಮೆಯಾದರೆ ಹೆಣ್ಣಿನ ತತ್ತಿ ಫಲಿಸುವುದಿಲ್ಲ, ಅದು ಖರೆ. ಆದರೆ ಬಾಜೂ ತೋಟದಲ್ಲಿ ಕೂಡಿದ ಹೆಣ್ಣು ನೊಣ ಬದು ದಾಟಿ ಬಂದು ನಮ್ಮ ಹಣ್ಣಿನಲ್ಲಿ ತತ್ತಿ ಇಡುತ್ತದೆ. ನೊಣಕ್ಕೆ ಬದು ಎಲ್ಲಿಯದು? ಒಬ್ಬರೇ ಬಲೆ ಕಟ್ಟಿದರೆ ಅರ್ಧ ಕೆಲಸ, ಊರೇ ಕಟ್ಟಿದರೆ ಪೂರ್ತಿ ಕೆಲಸ.

ಉದುರಿದ ಹಣ್ಣನ್ನು ಗಿಡದ ಬುಡದಲ್ಲೇ ಬಿಟ್ಟರೆ ಹುಳ ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗುತ್ತದೆ. ಆದ್ದರಿಂದ ದಿನಾಲೂ ಆರಿಸಿ ಎರಡು ಫೂಟು ಆಳಕ್ಕೆ ಹುಗಿಯಬೇಕು. ಹೀರೆ, ಹಾಗಲದ ನೊಣ ಈ ವಾಸನೆಗೆ ಬರುವುದಿಲ್ಲ. ಅದಕ್ಕೆ ಕ್ಯೂ-ಲೂರ್ ಎಂಬ ಬೇರೆ ಮದ್ದು ಇದೆ.

ನಮ್ಮ ತಾಯಂದಿರು ಪೇರಲದ ಜೆಲ್ಲಿ, ಮಾವಿನ ಹಪ್ಪಳ ಮಾಡಿ ನಾಲ್ಕು ದುಡ್ಡು ಕಾಣಬೇಕಾದರೂ ಹುಳವಿಲ್ಲದ ಹಣ್ಣೇ ಬೇಕು. ಕೊಳೆತದ್ದನ್ನು ಕುದಿಸಿದರೆ ಹೆಸರು ಕೆಡುತ್ತದೆ, ಗಿರಾಕಿ ಮತ್ತೆ ಬರುವುದಿಲ್ಲ.

ಒಬ್ಬರಿಂದ ಆಗದ್ದು ಹತ್ತು ಮಂದಿ ಕೂಡಿದರೆ ಆಗುತ್ತದೆಂದೇ ನಮ್ಮ ಸಂಘ ಹುಟ್ಟಿದೆ. ಸಾಲ, ಗೊಬ್ಬರಕ್ಕೆ ಕೂಡಿದ ನಾವು ನೊಣದ ವಿರುದ್ಧವೂ ಒಂದೇ ದಿನ, ಎಲ್ಲ ತೋಟಗಳಲ್ಲೂ ಬಲೆ ಕಟ್ಟೋಣ. ಹೌಲೆಟ್ ಸಾಹೇಬರಿಗೆ ಇದಕ್ಕಿಂತ ದೊಡ್ಡ ಸ್ಮರಣೆ ಇನ್ನೇನಿದ್ದೀತು?