ಮಕ್ಕಳಿಗಾಗಿ ಪ್ರಪಂಚವನ್ನೇ ಪುಸ್ತಕವಾಗಿಸಿದ ಕಾರಂತರು

ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಸನ್ನಿಧಿಯನ್ನು ಬಳಸಿ ಹರಿಯುವ ಕಪಿಲೆ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ಅಲ್ಲಿಂದ ಕೆಳಗೆ ನದಿಯ ದಂಡೆಯಲ್ಲಿ ತಲಕಾಡಿನ ಮರಳ ರಾಶಿ. ಈ ಸೀಮೆಯ ಮಕ್ಕಳು ಅಲಮೇಲಮ್ಮನ ಶಾಪದ ಕಥೆಯನ್ನು ಕೇಳುತ್ತಲೇ ಬೆಳೆಯುತ್ತಾರೆ. ಆದರೆ ಅಷ್ಟೊಂದು ಮರಳು ನಿಜವಾಗಿ ಎಲ್ಲಿಂದ ಬಂತು ಎಂದು ನಾಲ್ಕನೆಯ ತರಗತಿಯ ಮಗುವೊಂದು ಕೇಳಿದರೆ, ಅದರ ಕೈಗೆ ಕೊಡಲು ಶಾಲೆಯ ಕಪಾಟಿನಲ್ಲಿ ಪುಸ್ತಕ ಬೇಕಲ್ಲ! ನದಿಯ ತಿರುವು, ಮಾಧವಮಂತ್ರಿ ಅಣೆಕಟ್ಟು ಮತ್ತು ಗಾಳಿ ಸೇರಿ ಮರಳನ್ನು ಒಡ್ಡಿರಬಹುದೆಂಬ ವಿವರಣೆಯನ್ನು ಸಂಶೋಧಕರು ಮುಂದಿಟ್ಟಿದ್ದಾರೆ. ಅದು ವಿದ್ವಾಂಸರ ಪತ್ರಿಕೆಗಳಲ್ಲೇ ಉಳಿದರೆ ಮಗುವಿಗೆ ಆಗುವ ಪ್ರಯೋಜನವೇನು?

ಶಾಲಾ ಗ್ರಂಥಾಲಯಕ್ಕೆ ಪುಸ್ತಕ ಆರಿಸುವಾಗ ಕಥೆ, ಪದ್ಯ, ನೀತಿಬೋಧೆಗಳಿಗೇ ಸಾಮಾನ್ಯವಾಗಿ ಮೊದಲ ಮಣೆ. ತಿಳಿವಳಿಕೆ ಕೊಡುವ ಪುಸ್ತಕಗಳ ಸರದಿ ಬರುವುದು ಆಮೇಲೆ. ಕನ್ನಡದಲ್ಲಿ ಈ ಕೊರತೆಯನ್ನು ಬಹು ಹಿಂದೆಯೇ ಗುರುತಿಸಿ, ಅದನ್ನು ತುಂಬಲು ಒಂಟಿಯಾಗಿ ಹೊರಟವರು ಕೋಟ ಶಿವರಾಮ ಕಾರಂತರು. ಕಾದಂಬರಿಕಾರರಾಗಿ ಅವರನ್ನು ನಾಡು ಬಲ್ಲದು. ಮಕ್ಕಳಿಗಾಗಿ ಅವರು ಪಟ್ಟ ಶ್ರಮ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಕಾಲೇಜು ಬಿಟ್ಟವರ ಪಾಠಶಾಲೆ

1902ರ ಅಕ್ಟೋಬರ್ 10ರಂದು ಇಂದಿನ ಉಡುಪಿ ಜಿಲ್ಲೆಯ ಕೋಟದಲ್ಲಿ ಕಾರಂತರು ಜನಿಸಿದರು. ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಮಂಗಳೂರಿನ ಕಾಲೇಜು ಶಿಕ್ಷಣವನ್ನು ಅರ್ಧಕ್ಕೇ ತೊರೆದರು. ಅಲ್ಲಿಂದ ಮುಂದೆ ಅವರಿಗೆ ಊರೂರು ತಿರುಗಾಟವೇ ಪಾಠಶಾಲೆಯಾಯಿತು. ಖಾದಿ ಪ್ರಚಾರ, ನಾಟಕ, ಪತ್ರಿಕೆ ಎಂದು ಹಲವು ದಾರಿಗಳನ್ನು ತುಳಿದು ಪುತ್ತೂರಿನಲ್ಲಿ ನೆಲೆಸಿದ ಅವರು, ಅಲ್ಲಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳಿಗೆ ಕೈಹಾಕಿದರು. ಆಟ, ಕುಣಿತ, ಚಿತ್ರ, ನಿಸರ್ಗದ ವೀಕ್ಷಣೆ ಇವೆಲ್ಲ ಕಲಿಕೆಯ ಅಂಗಗಳೇ ಎಂಬುದು ಅವರ ನಿಲುವಾಗಿತ್ತು. ಬಾಯಿಪಾಠದ ಶಿಕ್ಷಣವನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ.

1933ರಲ್ಲಿ 'ಚೋಮನ ದುಡಿ' ಬರೆದು ಕಾದಂಬರಿ ಲೋಕದಲ್ಲಿ ಹೆಸರಾದ ಕಾರಂತರು, 1936ರಲ್ಲಿ ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ಹೊರತಂದರು. ಅಷ್ಟು ಹೊತ್ತಿಗೆ ಇಂಗ್ಲಿಷ್ ಬಲ್ಲ ಮಕ್ಕಳಿಗೆ ಆರ್ಥರ್ ಮೀ ಸಂಪಾದಿಸಿದ ಮಕ್ಕಳ ವಿಶ್ವಕೋಶವಿತ್ತು. 1908ರಿಂದ ಲಂಡನ್ನಿನಲ್ಲಿ ಕಂತುಗಳಾಗಿ ಬಂದ ಆ ಕೃತಿಯ ಹಿಂದೆ ಲೇಖಕರ ದೊಡ್ಡ ತಂಡವೇ ದುಡಿದಿತ್ತು. ಕನ್ನಡದಲ್ಲಿ ಅಂಥ ಕೆಲಸವನ್ನು ಒಬ್ಬರೇ ವ್ಯಕ್ತಿ ಹೆಗಲಿಗೇರಿಸಿಕೊಂಡರು. ವಿಷಯ ಸಂಗ್ರಹ ಒಂದು ಕಷ್ಟವಾದರೆ, ವಿಜ್ಞಾನದ ಸಂಗತಿಗಳಿಗೆ ಎಳೆಯರ ನಾಲಿಗೆಗೆ ಒಗ್ಗುವ ಕನ್ನಡ ಪದಗಳನ್ನು ಹುಡುಕುವುದು ಇನ್ನೊಂದು ಕಷ್ಟ. ಐದು ವರ್ಷಗಳ ಬಳಿಕ, 1941ರಲ್ಲಿ, 'ಸಿರಿಗನ್ನಡ ಅರ್ಥಕೋಶ'ವನ್ನು ಪ್ರಕಟಿಸಿದ ಕಾರಂತರಿಗೆ ಪದಗಳ ಈ ಹುಡುಕಾಟ ಹೊಸದಾಗಿರಲಿಲ್ಲ.

ಮೈಸೂರಿನಲ್ಲಿ ಸಂದ ಗೌರವ

1955ರಲ್ಲಿ ಮೈಸೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಕಾರಂತರಿಗೆ ಒಲಿಯಿತು. ಅಷ್ಟರಲ್ಲಿ 'ಮರಳಿ ಮಣ್ಣಿಗೆ', 'ಬೆಟ್ಟದ ಜೀವ' ಕಾದಂಬರಿಗಳು ಓದುಗರ ಮನೆಮಾತಾಗಿದ್ದವು. ಇಷ್ಟು ಕೀರ್ತಿ ಬಂದ ಲೇಖಕ ಮತ್ತೆ ಎಳೆಯರತ್ತ ತಿರುಗಬೇಕಾದ ಅನಿವಾರ್ಯತೆ ಇರಲಿಲ್ಲ. ಕಾರಂತರು ತಿರುಗಿದರು. 1959ರಿಂದ 1964ರ ಅವಧಿಯಲ್ಲಿ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಹೊರಬಂತು. ಇದು ಕಿರಿಯರಷ್ಟೇ ಹಿರಿಯರಿಗೂ ಉಪಯುಕ್ತವಾದ ಕೃತಿ.

ಅದೇ ಕಾಲದಲ್ಲಿ ಎಂ. ಶೇಷಾದ್ರಿ ಅವರ ನೇತೃತ್ವದ ಉತ್ಖನನದಿಂದ ತಿ. ನರಸೀಪುರದ ನೆಲದಡಿ ನವಶಿಲಾಯುಗದ ಜನವಸತಿಯ ಕುರುಹುಗಳು ಬೆಳಕಿಗೆ ಬಂದವು. ಸಾವಿರಾರು ವರ್ಷಗಳ ಹಿಂದೆ ಕಲ್ಲಿನ ಉಪಕರಣ ಹಿಡಿದು ನದಿ ದಂಡೆಯಲ್ಲಿ ಬಾಳಿದವರ ಸುದ್ದಿ ಅದು. ತಮ್ಮ ಊರಿನ ಮಣ್ಣಿನ ಈ ಕಥೆಯನ್ನು ಆ ಊರಿನ ಮಕ್ಕಳಿಗೆ ಅವರ ಭಾಷೆಯಲ್ಲೇ ತಲುಪಿಸುವ ಪುಸ್ತಕ ಇರಬೇಕೆಂಬ ಹಂಬಲವೇ ಕಾರಂತರ ಸಂಪುಟಗಳ ಹಿಂದೆಯೂ ಇದ್ದದ್ದು. ತಿಳಿವಳಿಕೆಯೆಲ್ಲ ಇಂಗ್ಲಿಷಿನಲ್ಲಿ, ಕಥೆ ಮಾತ್ರ ಕನ್ನಡದಲ್ಲಿ ಎಂದಾದರೆ ಕನ್ನಡ ಶಾಲೆಯ ಮಗು ತನ್ನ ಭಾಷೆಯನ್ನೇ ಕೀಳೆಂದು ಭಾವಿಸುತ್ತದೆ.

ಕಾರಂತರು ಕಥೆಯ ವಿರೋಧಿಯಾಗಿರಲಿಲ್ಲ. ಯಕ್ಷಗಾನದ ಪುರಾಣ ಲೋಕದಲ್ಲಿ ಮೈಮರೆತು ಹೆಜ್ಜೆ ಹಾಕಿದವರು, 'ಯಕ್ಷಗಾನ ಬಯಲಾಟ' ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು ಅವರೇ. ರಂಗದ ಮೇಲಿನ ರಾಕ್ಷಸನನ್ನು ಮೆಚ್ಚಿದ ಮನಸ್ಸೇ ಆಕಾಶದ ಗ್ರಹಣಕ್ಕೆ ಕಾರಣ ಕೇಳುತ್ತಿತ್ತು. ತಲಕಾಡಿನ ಮಗುವಿಗೆ ಅಲಮೇಲಮ್ಮನೂ ಬೇಕು, ಅಣೆಕಟ್ಟು ಮತ್ತು ಗಾಳಿಯ ವಿವರಣೆಯೂ ಬೇಕು. ಎರಡನ್ನೂ ಕೊಟ್ಟು, ಯಾವುದು ಕಥೆ ಯಾವುದು ಕಾರಣ ಎಂದು ಬೇರ್ಪಡಿಸಲು ಕಲಿಸುವುದೇ ಶಿಕ್ಷಣ.

ಆಯ್ಕೆಗೆ ದಾರಿದೀಪ

1995ರಲ್ಲಿ ನಂಜನಗೂಡಿಗೆ ನೆರೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿ ಮುಂದೆ ರಾಜ್ಯಕ್ಕೆಲ್ಲ ಹಬ್ಬಿತು. ಪ್ರತಿ ಮಗುವೂ ತನ್ನದೇ ವೇಗದಲ್ಲಿ ಕಲಿಯುತ್ತದೆ ಎಂಬುದು ಅದರ ತಳಹದಿ. ಓದು ಕಲಿತ ಮಗುವಿಗೆ ಮುಂದೇನು ಓದಿಸಬೇಕು ಎಂಬ ಪ್ರಶ್ನೆಗೆ ಕಾರಂತರ ಬದುಕಿನಿಂದ ಕೆಲವು ಸೂಚನೆಗಳನ್ನು ಪಡೆಯಬಹುದು.

ಮೊದಲನೆಯದಾಗಿ, ಬರೆದವರು ವಿಷಯವನ್ನು ಸ್ವತಃ ಬಲ್ಲವರೇ ಎಂದು ನೋಡಬೇಕು. ದೇಶವಿದೇಶ ಸುತ್ತಿ 'ಅಪೂರ್ವ ಪಶ್ಚಿಮ'ದಂಥ ಪ್ರವಾಸ ಕಥನ ಬರೆದ ಕಾರಂತರಿಗೆ ಜಗತ್ತು ಕಣ್ಣಾರೆ ಕಂಡ ವಸ್ತುವಾಗಿತ್ತು. ಎರಡನೆಯದು, ಪುಸ್ತಕ ಹತ್ತಿರದಿಂದ ದೂರಕ್ಕೆ ಕರೆದೊಯ್ಯಬೇಕು. ರಾಗಿ, ಭತ್ತ, ರಸಬಾಳೆ, ಕಪಿಲೆಯ ಪ್ರವಾಹಗಳಿಂದ ಆರಂಭಿಸಿದ ಮಗು ಹಿಮಗಡ್ಡೆಯ ನಾಡನ್ನೂ ಸಲೀಸಾಗಿ ಮುಟ್ಟುತ್ತದೆ. ಮೂರನೆಯದು, ಚಿತ್ರವು ಪಕ್ಕದ ಬರಹಕ್ಕೆ ಹೊಂದಿರಬೇಕು, ಅಲಂಕಾರಕ್ಕಷ್ಟೇ ಇರಬಾರದು. ನಾಲ್ಕನೆಯದು, ಮುದ್ರಣದ ವರ್ಷ. 'ಬಾಲ ಪ್ರಪಂಚ' ಬಂದ ಕಾಲಕ್ಕೆ ಸೌರವ್ಯೂಹದಲ್ಲಿ ಒಂಬತ್ತು ಗ್ರಹಗಳೆಂಬುದು ಒಪ್ಪಿತ ಸಂಗತಿ. 2006ರಲ್ಲಿ ಪ್ಲೂಟೋ ಆ ಸಾಲಿನಿಂದ ಹೊರಬಿದ್ದ ನಂತರ ಉಳಿದವು ಎಂಟು. ಹಾಗೆಂದು ಹಳೆಯ ಸಂಪುಟಗಳನ್ನು ರದ್ದಿಗೆ ಹಾಕಬೇಕಿಲ್ಲ. ಅವುಗಳ ಜತೆ ಹೊಸ ಪುಸ್ತಕವನ್ನೂ ಇಟ್ಟರೆ, ತಿಳಿವಳಿಕೆ ತಿದ್ದಿಕೊಳ್ಳುತ್ತ ಬೆಳೆಯುತ್ತದೆ ಎಂಬುದನ್ನು ಮಗು ತಾನೇ ಕಾಣುತ್ತದೆ.

ಕಾರಂತರ ನಂತರವೂ ಈ ಕೃಷಿ ನಿಂತಿಲ್ಲ. ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳ 'ಜ್ಞಾನಗಂಗೋತ್ರಿ' ಬಂತು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 'ಬಾಲ ವಿಜ್ಞಾನ' ಪತ್ರಿಕೆಯನ್ನು ನಡೆಸಿತು. 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಕಡಿಮೆ ಬೆಲೆಗೆ ಸಚಿತ್ರ ಪುಸ್ತಕಗಳನ್ನು ಕನ್ನಡದಲ್ಲೂ ತಂದಿತು. ಆರಿಸುವವರಿಗೆ ಈಗ ಪೂರ್ತಿ ಬರಗಾಲವೇನಿಲ್ಲ.

'ಮೂಕಜ್ಜಿಯ ಕನಸುಗಳು' ಕೃತಿಗೆ 1977ರ ಜ್ಞಾನಪೀಠ ಪ್ರಶಸ್ತಿ ಪಡೆದ, ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದ, ಇಳಿವಯಸ್ಸಿನಲ್ಲಿ ಕೈಗಾ ಅಣುಸ್ಥಾವರದ ವಿರುದ್ಧ ಬೀದಿಗಿಳಿದ ಕಾರಂತರು 1997ರ ಡಿಸೆಂಬರ್ 9ರಂದು ಕೊನೆಯುಸಿರೆಳೆದರು. ದೊಡ್ಡವರನ್ನು ಪ್ರಶ್ನಿಸಲು ಅಂಜದ ಈ ಮನುಷ್ಯ, ಚಿಕ್ಕವರ ಪ್ರಶ್ನೆಗಳಿಗೆ ಉತ್ತರಿಸಲು ಬೇಸರಪಡಲಿಲ್ಲ. ಮಕ್ಕಳ ಪುಸ್ತಕಕ್ಕೆ ಹಣ ಮಂಜೂರು ಮಾಡುವವರೂ ಅದನ್ನು ಆರಿಸಿ ತರುವವರೂ ಅವರಿಂದ ಕಲಿಯಬೇಕಾದ ಮೊದಲ ಪಾಠ ಇದೇ.