ಬಹುಮತದ ಆಚೆಗೂ ಪ್ರಜಾಪ್ರಭುತ್ವ: ಡಾ. ಬಿ. ಆರ್. ಅಂಬೇಡ್ಕರ್

ಕಳೆದ ವರ್ಷ ನಾನು ಪ್ರಥಮ ಪಿಯುಸಿ ಕಲಾ ವಿಭಾಗದಲ್ಲಿದ್ದಾಗ ನಮ್ಮ ತರಗತಿಯವರು ಸೇರಿ ಒಂದು ದಿನದ ಪ್ರವಾಸ ಹೋಗುವುದೆಂದು ಮಾತಾಯಿತು. ಕೆಲವರು ಗೋಕಾಕ ಫಾಲ್ಸ್ ಎಂದರು, ಹೆಚ್ಚಿನವರು ಕೊಲ್ಹಾಪುರ ಎಂದರು. ಕ್ಲಾಸ್ ಲೀಡರ್ ಆಗಿದ್ದ ನಾನು ಎಲ್ಲರಿಗೂ ಕೈ ಎತ್ತಲು ಹೇಳಿ ಎಣಿಸಿದೆ. ಕೊಲ್ಹಾಪುರ ಗೆದ್ದಿತು. ನಮ್ಮ ಕಬ್ಬೂರಿಗೆ ಗೋಕಾಕವೇ ಹತ್ತಿರ, ಖರ್ಚೂ ಕಡಿಮೆ ಎಂದು ಒಂಬತ್ತು ಜನ ಮೆಲ್ಲಗೆ ಹೇಳಿದರು. ಬಹುಮತ ಬಂದಾಗಿದೆ, ಇನ್ನು ಚರ್ಚೆ ಬೇಡ ಎಂದು ನಾನು ಮಾತು ಮುಗಿಸಿಬಿಟ್ಟೆ. ಪ್ರವಾಸದ ದಿನ ಆ ಒಂಬತ್ತು ಜನರೂ ಬರಲಿಲ್ಲ. ಅವರಲ್ಲಿ ಹಲವರ ತಂದೆ ತಾಯಿ ಕಬ್ಬು ಕಡಿಯುವ ಕೂಲಿಗೆ ಹೋಗುವವರು. ನಾನು ಮಾತ್ರ ಎಲ್ಲವನ್ನೂ ಪ್ರಜಾಪ್ರಭುತ್ವದ ರೀತಿಯಲ್ಲೇ ಮಾಡಿದೆ ಎಂದುಕೊಂಡು ರಂಕಾಳ ಕೆರೆಯ ದಂಡೆಯ ಮೇಲೆ ಫೋಟೋ ತೆಗೆಸಿಕೊಳ್ಳುತ್ತಿದ್ದೆ.

ಈ ವರ್ಷ ಸಂವಿಧಾನ ದಿನಕ್ಕೆ ಬಾಬಾಸಾಹೇಬ ಅಂಬೇಡ್ಕರ್ ಅವರ ಕುರಿತು ಮಾತನಾಡಬೇಕೆಂದು ರಾಜ್ಯಶಾಸ್ತ್ರದ ಸರ್ ನನಗೆ ಹೇಳಿದರು. ಗ್ರಂಥಾಲಯದಿಂದ ಪುಸ್ತಕಗಳನ್ನು ತಂದು ಓದಿದೆ. ಭಾಷಣವೇನೋ ಐದು ನಿಮಿಷದಲ್ಲಿ ಮುಗಿಯಿತು. ಆದರೆ ಓದಿದ್ದು ಮನಸ್ಸಿನಿಂದ ಹೋಗಲಿಲ್ಲ. ಅದಕ್ಕಾಗಿಯೇ ಈ ಲೇಖನ.

ಭೀಮರಾವ್ ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಧ್ಯಭಾರತದ ಮಹೂ ಎಂಬ ಸೈನಿಕ ಠಾಣೆಯಲ್ಲಿ. ತಂದೆ ರಾಮಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರ್. ಹದಿನಾಲ್ಕು ಮಕ್ಕಳಲ್ಲಿ ಇವರೇ ಕೊನೆಯವರು. ಸಾತಾರಾದ ಶಾಲೆಯಲ್ಲಿ ಈ ಹುಡುಗ ಮನೆಯಿಂದಲೇ ಗೋಣಿಚೀಲ ತಂದು ಅದರ ಮೇಲೆ ಬೇರೆಯಾಗಿ ಕೂರಬೇಕಿತ್ತು. ಬಾಯಾರಿದರೆ ನಲ್ಲಿ ಮುಟ್ಟುವಂತಿರಲಿಲ್ಲ. ಶಾಲೆಯ ಜವಾನ ನಲ್ಲಿ ತಿರುಗಿಸಿದರೆ ನೀರು, ಜವಾನ ಬಾರದಿದ್ದರೆ ಆ ದಿನ ನೀರಿಲ್ಲ. 1901ರಲ್ಲಿ ಗೋರೆಗಾಂವದಲ್ಲಿದ್ದ ತಂದೆಯನ್ನು ನೋಡಲು ಅಣ್ಣನೊಂದಿಗೆ ಹೊರಟಾಗ ಮಸೂರ ನಿಲ್ದಾಣದಲ್ಲಿ ಇವರ ಜಾತಿ ತಿಳಿದ ಗಾಡಿಯವರು ಯಾರೂ ಬರಲೊಪ್ಪಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದ. ಆದರೆ ಗಾಡಿ ಹೊಡೆದವರು ಮಕ್ಕಳೇ, ಗಾಡಿಯವನು ಜೊತೆಯಲ್ಲಿ ನಡೆದು ಬಂದ. ಬುತ್ತಿಯಲ್ಲಿ ಊಟವಿತ್ತು, ಕುಡಿಯಲು ಹನಿ ನೀರು ಸಿಗದೆ ಆ ರಾತ್ರಿ ಹಸಿದೇ ಮಲಗಿದರು. ಹತ್ತು ವರ್ಷದ ಹುಡುಗನಿಗೆ ಅಂದು ತಟ್ಟಿದ ಪ್ರಶ್ನೆ ಮುಂದೆ ಜೀವನವಿಡೀ ಅವರನ್ನು ಬಿಡಲಿಲ್ಲ.

ಕಲಿಕೆಯಲ್ಲಿ ಮಾತ್ರ ಹಿಂದೆ ಬೀಳಲಿಲ್ಲ. 1907ರಲ್ಲಿ ಮೆಟ್ರಿಕ್, 1912ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಬಿ.ಎ. ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರಿಗೆ ಪಾಠ ಹೇಳಿದವರಲ್ಲಿ ಜಾನ್ ಡ್ಯೂಯಿ ಎಂಬ ತತ್ವಜ್ಞಾನಿ ಒಬ್ಬರು. ಪ್ರಜಾಪ್ರಭುತ್ವ ಎಂದರೆ ಸರಕಾರ ನಡೆಸುವ ಒಂದು ಪದ್ಧತಿ ಮಾತ್ರವಲ್ಲ, ಜನ ಒಬ್ಬರೊಂದಿಗೊಬ್ಬರು ಕೂಡಿ ಬಾಳುವ ರೀತಿ ಎಂಬುದು ಡ್ಯೂಯಿ ಅವರ ವಿಚಾರ. ಒಬ್ಬರ ಅನುಭವ ಇನ್ನೊಬ್ಬರಿಗೆ ತಲುಪದಂತೆ ಗೋಡೆ ಕಟ್ಟಿಕೊಂಡ ಸಮಾಜದಲ್ಲಿ ಮತಪೆಟ್ಟಿಗೆ ಇಟ್ಟ ಮಾತ್ರಕ್ಕೆ ಪ್ರಜಾಪ್ರಭುತ್ವ ಬರುವುದಿಲ್ಲ. ಗೋಣಿಚೀಲದ ಮೇಲೆ ಕೂತು ಓದಿದವರಿಗೆ ಈ ಮಾತು ಎಷ್ಟು ಬೇಗ ಅರ್ಥವಾಗಿರಬೇಕು!

ಗೆಳೆಯರೇ, ಇಲ್ಲಿ ಸ್ವಲ್ಪ ಇತಿಹಾಸ ನೆನಪಿಸಿಕೊಳ್ಳೋಣ. ಪ್ರಜಾಪ್ರಭುತ್ವದ ತವರು ಎನ್ನುವ ಪ್ರಾಚೀನ ಅಥೆನ್ಸ್‌ನಲ್ಲಿ ಹೆಂಗಸರಿಗೂ ಗುಲಾಮರಿಗೂ ಸಭೆಯಲ್ಲಿ ಜಾಗವಿರಲಿಲ್ಲ. ಇಂಗ್ಲೆಂಡಿನಲ್ಲಿ ಹೆಂಗಸರಿಗೆ ಗಂಡಸರಷ್ಟೇ ಮತದ ಹಕ್ಕು ಸಿಕ್ಕಿದ್ದು 1928ರಲ್ಲಿ. ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ಚುನಾವಣೆಗಳಲ್ಲಿ ಹೆಂಗಸರಿಗೆ ಆ ಹಕ್ಕು ಬಂದದ್ದು 1971ರಲ್ಲಿ! ಬ್ರಿಟಿಷರ ಕಾಲದ ನಮ್ಮ ದೇಶದಲ್ಲಿ ಆಸ್ತಿ ಇದ್ದವರು, ತೆರಿಗೆ ಕಟ್ಟುವವರು, ಓದಿದವರು, ಇಂಥ ಕೆಲವರಿಗೆ ಮಾತ್ರ ಮತ. 1919ರಲ್ಲಿ ಮತದಾನದ ಹಕ್ಕನ್ನು ಪರಿಶೀಲಿಸಲು ಸೌತ್‌ಬರೋ ಸಮಿತಿ ಬಂದಾಗ ಅದರ ಮುಂದೆ ಸಾಕ್ಷಿ ಹೇಳಿದ ಅಂಬೇಡ್ಕರ್ ಅವರಿಗೆ ಆಗ 27 ವರ್ಷ. ಬಡತನ, ಅನಕ್ಷರತೆಗಳ ನೆಪ ಹೇಳಿ ಅಸ್ಪೃಶ್ಯರನ್ನು ಮತದಿಂದ ದೂರ ಇಡಬಾರದು, ಶಾಸನಸಭೆಯಲ್ಲಿ ಅವರ ಪ್ರತಿನಿಧಿಗಳೇ ಇರಬೇಕು ಎಂದು ವಾದಿಸಿದರು. 1928ರಲ್ಲಿ ಸೈಮನ್ ಆಯೋಗದ ಮುಂದೆ ವಯಸ್ಕರೆಲ್ಲರಿಗೂ ಮತ ಬೇಕೆಂದು ಕೇಳಿದರು.

ನಮ್ಮ ಭಾಗಕ್ಕೂ ಅವರಿಗೂ ಇರುವ ನಂಟನ್ನು ಓದಿದಾಗ ನನಗೆ ಬಹಳ ಆಶ್ಚರ್ಯವಾಯಿತು. 1920ರ ಮಾರ್ಚ್‌ನಲ್ಲಿ ಕೊಲ್ಹಾಪುರದ ಶಾಹೂ ಮಹಾರಾಜರು ಮಾಣಗಾಂವದ ಪರಿಷತ್ತಿನಲ್ಲಿ ಈ ತರುಣನೇ ನಿಮ್ಮ ನಾಯಕ ಎಂದು ಜನರಿಗೆ ಪರಿಚಯಿಸಿದರು. ಆ ಶಾಹೂ ಮಹಾರಾಜರು 1902ರಲ್ಲೇ ತಮ್ಮ ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ಅರ್ಧದಷ್ಟು ಮೀಸಲಿಟ್ಟವರು, ಮುಸ್ಲಿಂ ವಿದ್ಯಾರ್ಥಿಗಳಿಗಾಗಿ ಕೊಲ್ಹಾಪುರದಲ್ಲಿ ಬೋರ್ಡಿಂಗ್ ತೆರೆಸಿದವರು. ನಾವು ಪ್ರವಾಸ ಹೋದಾಗ ಇದೊಂದೂ ನನಗೆ ಗೊತ್ತಿರಲಿಲ್ಲ. ಇನ್ನು 1925ರ ಏಪ್ರಿಲ್‌ನಲ್ಲಿ ಮುಂಬಯಿ ಪ್ರಾಂತದ ಅಸ್ಪೃಶ್ಯರ ಪರಿಷತ್ತು ನಡೆದದ್ದು ಆಗ ಅದೇ ಪ್ರಾಂತದಲ್ಲಿದ್ದ ನಮ್ಮ ನಿಪ್ಪಾಣಿಯಲ್ಲಿ, ಅದರ ಅಧ್ಯಕ್ಷತೆ ವಹಿಸಿದವರು ಅಂಬೇಡ್ಕರ್! ಅಷ್ಟರಲ್ಲಿ ಅವರು ಲಂಡನ್ನಿನಿಂದ ಡಿ.ಎಸ್ಸಿ. ಮತ್ತು ಬ್ಯಾರಿಸ್ಟರ್ ಪದವಿ ಪಡೆದು ಬಂದು ಮುಂಬಯಿ ಹೈಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದರು. ನನ್ನ ನಾನಿ ನಿಪ್ಪಾಣಿಯವರು, ತಂಬಾಕಿನ ವಖಾರದಲ್ಲಿ ದುಡಿದವರು. ಚಿಕ್ಕಂದಿನಿಂದ ರಜೆಗೆ ಹೋಗುತ್ತಿದ್ದ ಆ ಊರಿಗೆ ಇಂಥವರು ಬಂದಿದ್ದರೆಂದು ಪುಸ್ತಕ ಓದಿ ತಿಳಿಯಬೇಕಾಯಿತು.

1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಗೆ ಸಾವಿರಾರು ಜನರೊಂದಿಗೆ ಹೋಗಿ ಅಂಬೇಡ್ಕರ್ ಬೊಗಸೆ ನೀರು ಕುಡಿದರು. ಅದು ಊರಿನ ಸಾರ್ವಜನಿಕ ಕೆರೆ. ದನಕರುಗಳೂ ಕುಡಿಯುವ ಆ ನೀರನ್ನು ಮನುಷ್ಯರು ಮುಟ್ಟಿದರೆಂದು ಅವರ ಮೇಲೆ ಹಲ್ಲೆಯಾಯಿತು. ಡಿಸೆಂಬರ್‌ನಲ್ಲಿ ಮತ್ತೆ ಪರಿಷತ್ತು ಸೇರಲು ಮಹಾಡದಲ್ಲಿ ಯಾರೂ ಜಾಗ ಕೊಡಲಿಲ್ಲ. ಆಗ ತನ್ನ ಜಮೀನಿನಲ್ಲಿ ಮಂಟಪ ಹಾಕಿಕೊಳ್ಳಲು ಬಿಟ್ಟವನು ಫತ್ತೇಖಾನ್ ಎಂಬ ಮುಸಲ್ಮಾನ. ಅಷ್ಟರಲ್ಲಿ ಕೋರ್ಟು ಕೆರೆಗೆ ಹೋಗದಂತೆ ತಡೆಯಾಜ್ಞೆ ಕೊಟ್ಟಿತ್ತು. ಸೇರಿದ್ದ ಸಾವಿರಾರು ಜನ ಹೋಗಿಯೇ ತೀರುತ್ತೇವೆ ಎಂದಾಗ ಅಂಬೇಡ್ಕರ್ ಅವರನ್ನು ತಡೆದರು, ಕಾನೂನಿನ ದಾರಿ ಹಿಡಿದರು. ಹತ್ತು ವರ್ಷ ಕಾದು 1937ರಲ್ಲಿ ಹೈಕೋರ್ಟಿನಲ್ಲಿ ಗೆದ್ದರು.

ಫತ್ತೇಖಾನನ ಹೆಸರು ಓದಿ ನನಗೆ ಹೆಮ್ಮೆಯಾಯಿತು. ಆದರೆ ಇನ್ನೊಂದು ಘಟನೆಯನ್ನೂ ಓದಿದೆ. ಅದನ್ನು ನಮ್ಮ ಪತ್ರಿಕೆಯಲ್ಲಿ ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. 1934ರಲ್ಲಿ ಅಂಬೇಡ್ಕರ್ ತಮ್ಮ ಸಂಗಡಿಗರೊಂದಿಗೆ ಆಗ ನಿಜಾಮರ ರಾಜ್ಯದಲ್ಲಿದ್ದ ದೌಲತಾಬಾದ್ ಕೋಟೆ ನೋಡಲು ಹೋದರು. ಅದು ರಂಜಾನ್ ತಿಂಗಳು. ಬಾಗಿಲ ಬಳಿಯ ಹೊಂಡದಲ್ಲಿ ಎಲ್ಲರೂ ಧೂಳು ತುಂಬಿದ ಕೈಕಾಲು, ಮುಖ ತೊಳೆದುಕೊಂಡರು. ಅಷ್ಟರಲ್ಲಿ ಬಿಳಿ ಗಡ್ಡದ ಒಬ್ಬ ಮುದುಕ ಹಿಂದಿನಿಂದ ಕೂಗುತ್ತ ಬಂದು ಹೊಂಡವನ್ನು ಮೈಲಿಗೆ ಮಾಡಿದರೆಂದು ಬೈದ. ಇನ್ನಷ್ಟು ಮುಸಲ್ಮಾನರು ಕೂಡಿದರು, ಬೈಗುಳ ಹೆಚ್ಚಿತು. ಕೊನೆಗೆ ಕೋಟೆಯೊಳಗೆ ಎಲ್ಲಿಯೂ ನೀರು ಮುಟ್ಟಬಾರದೆಂದು ಬಂದೂಕಿನ ಸಿಪಾಯಿಯೊಬ್ಬನನ್ನು ಜೊತೆಗೆ ಕಳಿಸಿದರು.

ಮಸೀದಿಯಲ್ಲಿ ನಾವು ಒಂದೇ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವವರು. ಸಮಾನತೆ ನಮ್ಮಲ್ಲಿ ಇದ್ದೇ ಇದೆ ಎಂದು ನಾನು ಹೆಮ್ಮೆಯಿಂದ ಹೇಳುತ್ತಿದ್ದೆ. ಸಾಲಿನಲ್ಲಿ ನಿಂತದ್ದನ್ನು ಬಾಗಿಲ ಹೊರಗೆ ಮರೆತರೆ ಏನಾಗುತ್ತದೆ ಎಂಬುದನ್ನು ಆ ಹೊಂಡ ತೋರಿಸಿತು. ಫತ್ತೇಖಾನನೂ ನಮ್ಮವನೇ, ಆ ಮುದುಕನೂ ನಮ್ಮವನೇ. ಒಬ್ಬನನ್ನು ಮಾತ್ರ ನೆನೆದರೆ ಅದು ಪ್ರಾಮಾಣಿಕವಾಗದು.

ಮುಂದೆ ದುಂಡುಮೇಜಿನ ಪರಿಷತ್ತುಗಳು, 1932ರ ಪುಣೆ ಒಪ್ಪಂದ, 1936ರಲ್ಲಿ ಕಟ್ಟಿದ ಸ್ವತಂತ್ರ ಕಾರ್ಮಿಕ ಪಕ್ಷ, ಇವೆಲ್ಲ ನಮ್ಮ ಪಠ್ಯದಲ್ಲೇ ಇವೆ. 1946ರಲ್ಲಿ ಅವರು ಸಂವಿಧಾನ ಸಭೆಗೆ ಆಯ್ಕೆಯಾದದ್ದು ಬಂಗಾಳದಿಂದ. ದೇಶ ವಿಭಜನೆಯಾದ ಮೇಲೆ ಮುಂಬಯಿಯಿಂದ ಮತ್ತೆ ಆಯ್ಕೆಯಾಗಬೇಕಾಯಿತು. 1947ರ ಆಗಸ್ಟ್ 29ರಂದು ಏಳು ಜನರ ಕರಡು ಸಮಿತಿ ರಚನೆಯಾಗಿ ಅವರು ಅಧ್ಯಕ್ಷರಾದರು. ಆ ಏಳರಲ್ಲಿ ಅಸ್ಸಾಮಿನ ಸರ್ ಮುಹಮ್ಮದ್ ಸಾದುಲ್ಲಾ ಒಬ್ಬರು. ಸಲಹೆಗಾರರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾವ್. ಕರಡಿಗೆ ಬಂದ ತಿದ್ದುಪಡಿಗಳು 7,635. ಅವುಗಳಲ್ಲಿ 2,473 ಸಭೆಯಲ್ಲಿ ಮಂಡನೆಯಾದವು. ಬಹುಮತ ಎಣಿಸಿ ಎದ್ದುಹೋಗುವುದು ಅವರಿಗೆ ಸುಲಭವಿತ್ತು. ಆದರೆ ಸುಮಾರು ಮೂರು ವರ್ಷ ಕೂತು ಕೇಳಿದರು. ನಾನು ನಮ್ಮ ತರಗತಿಯಲ್ಲಿ ಒಂಬತ್ತು ಜನರಿಗೆ ಮೂರು ನಿಮಿಷವನ್ನೂ ಕೊಟ್ಟಿರಲಿಲ್ಲ.

1949ರ ನವೆಂಬರ್ 25ರಂದು, ಸಂವಿಧಾನವನ್ನು ಅಂಗೀಕರಿಸುವ ಹಿಂದಿನ ದಿನ, ಅವರು ಮಾಡಿದ ಭಾಷಣವನ್ನು ಎಲ್ಲರೂ ಒಮ್ಮೆ ಓದಬೇಕು. ಪ್ರಜಾಪ್ರಭುತ್ವ ಹೊರಗಿನಿಂದಲೇ ಬಂದದ್ದಲ್ಲ ಎಂಬುದನ್ನು ಅವರು ಬುದ್ಧನ ಭಿಕ್ಷು ಸಂಘಗಳ ಉದಾಹರಣೆಯಿಂದ ತೋರಿಸಿದರು. ನಿರ್ಣಯ ಮಂಡಿಸುವುದು, ಕೋರಂ ನೋಡುವುದು, ಮತ ಎಣಿಸುವುದು, ಇವೆಲ್ಲ ಆ ಸಂಘಗಳಲ್ಲಿ ರೂಢಿಯಲ್ಲಿದ್ದವು. ಹಾಗೆ ಇದ್ದದ್ದನ್ನು ಈ ದೇಶ ಕಳೆದುಕೊಂಡಿತು, ಮತ್ತೆ ಕಳೆದುಕೊಳ್ಳಬಹುದು ಎಂಬ ಭಯ ಅವರಿಗಿತ್ತು. ಅದಕ್ಕೆ ಮೂರು ಎಚ್ಚರಿಕೆ ಕೊಟ್ಟರು. ಕಾನೂನಿನ ದಾರಿ ತೆರೆದಿರುವಾಗ ಬೇರೆ ದಾರಿ ಹಿಡಿಯಬಾರದು. ಎಷ್ಟೇ ದೊಡ್ಡ ನಾಯಕನಾದರೂ ತಮ್ಮ ಸ್ವಾತಂತ್ರ್ಯವನ್ನು ಅವನ ಕಾಲಿಗೆ ಒಪ್ಪಿಸಬಾರದು. ಮೂರನೆಯದು, ಮತ ಹಾಕುವ ಪ್ರಜಾಪ್ರಭುತ್ವಕ್ಕೆ ತೃಪ್ತರಾಗದೆ ಬದುಕಿನಲ್ಲೂ ಅದನ್ನು ತರಬೇಕು. ಮತಗಟ್ಟೆಯಲ್ಲಿ ಸಾಹುಕಾರನ ಮತಕ್ಕೂ ಕೂಲಿಯವನ ಮತಕ್ಕೂ ಬೆಲೆ ಒಂದೇ, ಹೊರಗೆ ಬಂದೊಡನೆ ಇಬ್ಬರ ಬೆಲೆ ಬೇರೆ. ಈ ಅಂತರ ಹೀಗೇ ಉಳಿದರೆ ಕಟ್ಟಿದ ಮನೆಯೇ ಕುಸಿದೀತು ಎಂಬುದು ಅವರ ಆತಂಕ. ಸ್ವಾತಂತ್ರ್ಯ, ಸಮಾನತೆ, ಸಹೋದರತೆ ಮೂರೂ ಒಟ್ಟಿಗೇ ಇರಬೇಕು ಎಂದು ಅವರು ತಿಳಿಸಿದರು. ಮೊದಲ ಎರಡನ್ನು ಕಾನೂನು ಕೊಡಬಹುದು, ಮೂರನೆಯದನ್ನು ನಾವೇ ತರಬೇಕು ಎಂದು ನನಗೆ ಅನಿಸುತ್ತದೆ.

ಹೀಗೆ 1950ರಲ್ಲಿ 21 ವರ್ಷ ತುಂಬಿದ ಎಲ್ಲರಿಗೂ ಒಂದೇ ಸಲ ಮತ ಬಂತು. 1951-52ರ ಮೊದಲ ಚುನಾವಣೆಯಲ್ಲಿ ಓದು ಬಾರದವರಿಗೆ ಅನುಕೂಲವಾಗಲೆಂದು ಒಬ್ಬೊಬ್ಬ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ ಇಟ್ಟಿದ್ದರು. ಅಕ್ಷರ ಬಾರದ ನಾನಿಯ ತಾಯಿಯೂ ಚಿಹ್ನೆ ನೋಡಿ ಮತ ಹಾಕಿ ಬಂದಿದ್ದರಂತೆ. ಅದೇ ಚುನಾವಣೆಯಲ್ಲಿ ಉತ್ತರ ಮುಂಬಯಿಯಿಂದ ನಿಂತ ಅಂಬೇಡ್ಕರ್ ಸೋತರು! ಎಲ್ಲರಿಗೂ ಮತ ಬೇಕೆಂದು ಮೂವತ್ತು ವರ್ಷ ವಾದಿಸಿದವರನ್ನು ಆ ಮತವೇ ಸೋಲಿಸಿತು. ಅದಕ್ಕೂ ಮೊದಲು, 1951ರಲ್ಲಿ, ಹೆಣ್ಣುಮಕ್ಕಳಿಗೆ ಆಸ್ತಿ, ವಿಚ್ಛೇದನಗಳ ಹಕ್ಕು ಕೊಡುವ ಹಿಂದೂ ಸಂಹಿತೆ ಮಸೂದೆ ಮುಂದೆ ಸಾಗದೆ ನಿಂತಾಗ ಅವರು ಕಾನೂನು ಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದರು. ಸೋಲು, ರಾಜೀನಾಮೆಗಳ ನಂತರವೂ ರಾಜ್ಯಸಭೆಯಲ್ಲಿ ಕೂತು ಮಾತಾಡಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧ ಧರ್ಮ ಸ್ವೀಕರಿಸಿದರು. ಅದೇ ವರ್ಷ ಡಿಸೆಂಬರ್ 6ರಂದು ದೆಹಲಿಯಲ್ಲಿ ತೀರಿಕೊಂಡರು.

1989ರಿಂದ ಮತದ ವಯಸ್ಸು 18. ನನಗೆ ಬರುವ ವರ್ಷ ಆ ವಯಸ್ಸು ತುಂಬುತ್ತದೆ. ಅದಕ್ಕೂ ಮೊದಲು ಒಂದು ಬಾಕಿ ತೀರಿಸಬೇಕಿತ್ತು. ಈ ವರ್ಷ ಪ್ರವಾಸದ ಮಾತು ಬಂದಾಗ ನಾನು ಕೈ ಎತ್ತಿಸಲಿಲ್ಲ. ಎಲ್ಲರ ಎದುರು ಕೈ ಎತ್ತಿ ತನ್ನಲ್ಲಿ ಹಣವಿಲ್ಲ ಎಂದು ಯಾರು ತಾನೇ ಹೇಳಿಯಾರು? ಹೆಸರು ಬರೆಯದೆ, ಎಷ್ಟು ಕೊಡಲು ಆಗುತ್ತದೆ ಎಂಬುದನ್ನಷ್ಟೇ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಲು ಹೇಳಿದೆ. ಎಲ್ಲಕ್ಕಿಂತ ಕಡಿಮೆ ಬರೆದ ಚೀಟಿಯನ್ನು ಮುಂದಿಟ್ಟುಕೊಂಡು, ಅಷ್ಟರಲ್ಲಿ ಎಲ್ಲಿಗೆ ಹೋಗಬಹುದು ಎಂದು ಎಲ್ಲರೂ ಸೇರಿ ಲೆಕ್ಕ ಹಾಕಿದೆವು. ಬುತ್ತಿ ಕಟ್ಟಿಕೊಂಡು ಸರಕಾರಿ ಬಸ್ಸಿನಲ್ಲಿ ಗೋಕಾಕಕ್ಕೆ ಹೋಗಿಬಂದೆವು. ಈ ಸಲ ಆ ಒಂಬತ್ತು ಜನರೂ ಇದ್ದರು. ಫಾಲ್ಸ್ ಹತ್ತಿರ ಕೂತು ಎಲ್ಲರ ಬುತ್ತಿ ಬಿಚ್ಚಿದಾಗ ಯಾರ ರೊಟ್ಟಿ ಯಾರ ಕೈಯಲ್ಲಿತ್ತೋ ಗೊತ್ತಾಗಲಿಲ್ಲ.

ಕಳೆದ ವರ್ಷ ಬಾರದೆ ಉಳಿದ ಆ ಗೆಳೆಯ ಗೆಳತಿಯರಲ್ಲಿ ಈ ಪತ್ರಿಕೆಯ ಮೂಲಕ ಕ್ಷಮೆ ಕೇಳುತ್ತೇನೆ. ಅಂದು ನಾನು ಕೈಗಳನ್ನು ಸರಿಯಾಗಿಯೇ ಎಣಿಸಿದ್ದೆ. ನಿಮ್ಮ ಮಾತು ಕೇಳಲಿಲ್ಲ, ಅದೇ ತಪ್ಪಾದದ್ದು.