ಓದುತ್ತ ಓದುತ್ತ ಕಾದಂಬರಿಗಾರ್ತಿಯಾದವರು: ಎಂ. ಕೆ. ಇಂದಿರಾ

ಕಾದಂಬರಿ ಬರೆಯಲು ಕುಳಿತವರು ಆ ಅವಧಿಯಲ್ಲಿ ಇತರರ ಕಾದಂಬರಿಗಳನ್ನು ಓದಬಾರದೆಂಬ ಅಭಿಪ್ರಾಯ ನಮ್ಮ ಸಾಹಿತ್ಯಾಸಕ್ತರಲ್ಲಿ ಬಹಳ ಹಿಂದಿನಿಂದಲೂ ಇದೆ. ಓದಿದ್ದರ ನೆರಳು ಬರೆದುದರ ಮೇಲೆ ಬೀಳುತ್ತದೆ, ಸ್ವಂತ ಧ್ವನಿ ಕೆಡುತ್ತದೆ ಎಂಬುದು ಅವರ ಆತಂಕ. ಓದುತ್ತಿರುವುದು ಪ್ರೇಮ, ಮದುವೆ, ಸಂಸಾರಗಳ ಸುತ್ತ ಹೆಣೆದ ಜನಪ್ರಿಯ ಕಾದಂಬರಿಯಾದರಂತೂ ಆ ಆತಂಕಕ್ಕೆ ಸ್ವಲ್ಪ ತಿರಸ್ಕಾರವೂ ಸೇರಿಕೊಳ್ಳುತ್ತದೆ. ಇಂತಹ ಚರ್ಚೆ ನಡೆದಾಗಲೆಲ್ಲ ನಮಗೆ ನೆನಪಾಗುವವರು ಎಂ. ಕೆ. ಇಂದಿರಾ. ತಮ್ಮ ಕಾಲದ ಕಾದಂಬರಿಗಳನ್ನು ಮನಸಾರೆ ಓದಿ ಸವಿದು, ಅವುಗಳಲ್ಲಿ ಅತ್ಯಂತ ಜನಪ್ರಿಯವಾದವುಗಳನ್ನು ಬರೆದ ತ್ರಿವೇಣಿಯವರ ಗೆಳೆತನದ ಪ್ರೋತ್ಸಾಹದಿಂದಲೇ ಲೇಖನಿ ಹಿಡಿದವರು ಇವರು. ಆದರೂ ಅವರ ಬರವಣಿಗೆ ಆ ಗೆಳತಿಯ ಬರವಣಿಗೆಯ ಪಡಿಯಚ್ಚಾಗಲಿಲ್ಲ. ಅದು ಹೇಗೆ ಸಾಧ್ಯವಾಯಿತೆಂಬುದು ಅವರ ಜೀವನದಲ್ಲಿಯೇ ಅಡಗಿದೆ.

ಮಂಡಗದ್ದೆ ಕೃಷ್ಣರಾವ್ ಇಂದಿರಾ ಎಂಬುದು ಅವರ ಪೂರ್ಣ ಹೆಸರು. ಜನಿಸಿದ್ದು 1917ರ ಜನವರಿ 5ರಂದು, ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ. ತಂದೆ ತರೀಕೆರೆ ಸೂರ್ಯನಾರಾಯಣರಾಯರು, ತಾಯಿ ಬನಶಂಕರಮ್ಮ. ತುಂಗೆಯ ದಂಡೆ, ಅಡಿಕೆ ತೋಟ, ಬಿಡದೆ ಸುರಿಯುವ ಮುಂಗಾರು, ನಾಲ್ಕು ತಲೆಮಾರು ಒಂದೇ ಸೂರಿನಡಿ ಉಣ್ಣುವ ದೊಡ್ಡ ಮನೆಗಳು, ಆ ಮನೆಗಳ ಹಿತ್ತಲಲ್ಲಿಯೂ ಅಡುಗೆಕೋಣೆಯಲ್ಲಿಯೂ ದಿನವಿಡೀ ದುಡಿಯುವ ಹೆಂಗಸರು, ಇದು ಅವರು ಕಣ್ಣು ಬಿಟ್ಟು ಕಂಡ ಪ್ರಪಂಚ. ಶಾಲೆಯ ವಿದ್ಯಾಭ್ಯಾಸ ಏಳೇ ವರ್ಷ. ಹನ್ನೆರಡನೆಯ ವಯಸ್ಸಿನಲ್ಲಿ ಕೃಷ್ಣರಾಯರೊಡನೆ ವಿವಾಹವಾಯಿತು. ಮೈಸೂರು ಸಂಸ್ಥಾನದಲ್ಲಿ 1894ರಲ್ಲಿಯೇ ಶಿಶುವಿವಾಹವನ್ನು ತಡೆಯುವ ಕಾಯಿದೆ ಬಂದಿತ್ತು ನಿಜ. ಆದರೆ ಅದು ನಿಷೇಧಿಸಿದ್ದು ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು. ಹನ್ನೆರಡರ ಹುಡುಗಿ ಅಂದಿನ ಲೆಕ್ಕದಲ್ಲಿ ಮದುವೆಗೆ ತಡವಾದವಳೇ ಹೊರತು ಬೇಗನೆ ಆದವಳಲ್ಲ.

ಶಾಲೆ ನಿಂತಿತು, ಓದು ನಿಲ್ಲಲಿಲ್ಲ. ಹಳೆಯ ಕನ್ನಡ ಕಾವ್ಯಗಳನ್ನು ಅವರು ತಾವಾಗಿಯೇ ಅಭ್ಯಾಸ ಮಾಡಿದರು. ಹಿಂದಿ ಸಾಹಿತ್ಯದ ಒಳ್ಳೆಯ ಪರಿಚಯವನ್ನೂ ಸಂಪಾದಿಸಿಕೊಂಡರು. ಗೃಹಿಣಿಯೊಬ್ಬಳು ಹೀಗೆ ಓದುವುದೆಂದರೆ ಎಷ್ಟು ಕಷ್ಟದ ಕೆಲಸವೆಂಬುದನ್ನು ಆ ಕಾಲದ ಮನೆಗಳನ್ನು ಬಲ್ಲವರೇ ಹೇಳಬೇಕು. ಬೆಳಗಿನ ಮಡಿ, ಮಧ್ಯಾಹ್ನದ ಊಟ, ಸಂಜೆಯ ದೀಪ ಇವುಗಳ ನಡುವೆ ಉಳಿಯುತ್ತಿದ್ದುದು ಗಂಡಸರು ಮಲಗಿರುವ ಮಧ್ಯಾಹ್ನದ ಒಂದೆರಡು ಗಂಟೆ ಮಾತ್ರ. ಕನ್ನಡದ ಕಾದಂಬರಿಯನ್ನು ಬೆಳೆಸಿದ್ದು ಬಹುಮಟ್ಟಿಗೆ ಆ ಒಂದೆರಡು ಗಂಟೆಗಳೇ ಎಂದರೆ ಅತಿಶಯೋಕ್ತಿಯಾಗಲಾರದು.

1940 ಮತ್ತು 1950ರ ದಶಕಗಳಲ್ಲಿ ಅ. ನ. ಕೃಷ್ಣರಾಯರು, ತ. ರಾ. ಸುಬ್ಬರಾಯರು ಮೊದಲಾದವರು ಕಾದಂಬರಿಯನ್ನು ಮನೆಮನೆಗೆ ತಲುಪಿಸಿದರು. ಊರೂರಿನಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಹುಟ್ಟಿಕೊಂಡವು. ದಿನಕ್ಕಿಷ್ಟು ಕಾಸು ಕೊಟ್ಟು ತಂದ ಪುಸ್ತಕವನ್ನು ಮನೆಯ ಹೆಂಗಸರೆಲ್ಲ ಸರದಿಯಂತೆ ಓದಿ ಹಿಂದಿರುಗಿಸುವ ಅಭ್ಯಾಸ ಬೆಳೆಯಿತು. ಇದೇ ಹೊತ್ತಿಗೆ, 1953ರಲ್ಲಿ, ಅಪಸ್ವರ ಎಂಬ ಕಾದಂಬರಿಯೊಡನೆ ತ್ರಿವೇಣಿಯವರ ಪ್ರವೇಶವಾಯಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿ ಬಿ.ಎ. ಪದವಿ ಪಡೆದ, ಬಿ. ಎಂ. ಶ್ರೀಕಂಠಯ್ಯನವರ ಮನೆತನದ ಅನಸೂಯಾ ಶಂಕರ್ ಅವರೇ ತ್ರಿವೇಣಿ. ಬೆಳ್ಳಿಮೋಡ, ಬೆಕ್ಕಿನ ಕಣ್ಣು, ಹಣ್ಣೆಲೆ ಚಿಗುರಿದಾಗ, ಶರಪಂಜರ ಹೀಗೆ ಹತ್ತು ವರ್ಷಗಳಲ್ಲಿ ಸುಮಾರು ಇಪ್ಪತ್ತು ಕಾದಂಬರಿಗಳನ್ನು ಅವರು ಕೊಟ್ಟರು. ಅದುವರೆಗೆ ಯಾರೂ ಕೇಳದಿದ್ದ ಹೆಣ್ಣಿನ ಒಳಮನಸ್ಸಿನ ಸಂಕಟ ಆ ಪುಸ್ತಕಗಳಲ್ಲಿ ಮಾತಾಯಿತು. ಬೆಳ್ಳಿಮೋಡದ ನಾಯಕಿಯ ಹೆಸರೂ ಇಂದಿರೆಯೇ. ಅದು ಕಾಕತಾಳೀಯವೇ ಇರಬೇಕು, ಅದರಿಂದ ನಾವು ಏನನ್ನೂ ಸಾಧಿಸಹೊರಟಿಲ್ಲ.

ಇಂದಿರಾ ಅವರು ಮಂಡ್ಯದಲ್ಲಿ ವಾಸವಾಗಿದ್ದಾಗ ಈ ತ್ರಿವೇಣಿಯವರ ಸ್ನೇಹ ದೊರೆಯಿತು. ಬ್ಯಾಂಕಿನಲ್ಲಿ ದುಡಿಯುವ ನಮಗೆ ಅಂಕಿಗಳ ಚಪಲ ಹೆಚ್ಚು; ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ತ್ರಿವೇಣಿ ಹುಟ್ಟಿದ್ದು 1928ರಲ್ಲಿ. ಎಂದರೆ ಇಂದಿರಾ ಅವರಿಗಿಂತ ಹನ್ನೊಂದು ವರ್ಷ ಚಿಕ್ಕವರು. ಒಬ್ಬರು ಪದವೀಧರೆ, ಹೆಸರಾಂತ ಲೇಖಕಿ. ಇನ್ನೊಬ್ಬರು ಏಳು ವರ್ಷ ಶಾಲೆ ಕಂಡ ಗೃಹಿಣಿ, ಅಭಿಮಾನಿ ಓದುಗರು. ನಮ್ಮ ಸಮಾಜದಲ್ಲಿ ಕಿರಿಯರಿಂದ ಕಲಿಯುವುದು ಸುಲಭವಲ್ಲ. ಗಂಡಸರಿಗೂ ಸುಲಭವಲ್ಲ, ಮನೆಯ ಹಿರಿಯ ಹೆಂಗಸರಿಗಂತೂ ಇನ್ನೂ ಕಷ್ಟ. ಇಂದಿರಾ ಅವರು ಆ ಸಂಕೋಚವನ್ನು ಪಕ್ಕಕ್ಕಿಟ್ಟರು. ಮಾತಿನಲ್ಲಿ ಕಥೆಯನ್ನು ಸೊಗಸಾಗಿ ಹೇಳಬಲ್ಲವರು ಅದನ್ನೇ ಕಾಗದದ ಮೇಲೂ ಹೇಳಬಹುದೆಂಬ ಧೈರ್ಯ ಅವರಿಗೆ ಬಂದದ್ದು ಈ ಒಡನಾಟದಿಂದ. ಆಗ ಅವರ ವಯಸ್ಸು ನಲವತ್ತೈದು. ಆ ಪೀಳಿಗೆಯಲ್ಲಿ ಅದು ಸೊಸೆ ತಂದು ಮೊಮ್ಮಕ್ಕಳನ್ನು ಎತ್ತಿ ಆಡಿಸುವ ವಯಸ್ಸು.

1963ರಲ್ಲಿ ತುಂಗಭದ್ರಾ ಪ್ರಕಟವಾಯಿತು. ಮೊದಲ ಕಾದಂಬರಿಗೇ ರಾಜ್ಯದ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅದೇ ವರ್ಷ ಜುಲೈ 29ರಂದು, ಹೆಣ್ಣುಮಗುವಿಗೆ ಜನ್ಮವಿತ್ತ ಕೆಲವೇ ದಿನಗಳಲ್ಲಿ, ತ್ರಿವೇಣಿ ತೀರಿಕೊಂಡರು. ಮೂವತ್ತೈದು ತುಂಬಲು ಇನ್ನೂ ಒಂದು ತಿಂಗಳಿತ್ತು. ಅವರ ಮೇಜಿನ ಮೇಲೆ ಅಪೂರ್ಣವಾಗಿ ಉಳಿದಿದ್ದ ಅವಳ ಮಗಳು ಕಾದಂಬರಿಯನ್ನು ಮುಂದೆ ಎಂ. ಸಿ. ಪದ್ಮಾ ಅವರು ಪೂರ್ತಿಗೊಳಿಸಿದರು. ಬರೆಯಲು ಹುರಿದುಂಬಿಸಿದ ಗೆಳತಿ ಕಣ್ಮರೆಯಾದ ವರ್ಷದಲ್ಲಿಯೇ ಇಂದಿರಾ ಅವರು ಲೇಖಕಿಯಾದರು. ಆಮೇಲಿನ ಮೂವತ್ತು ವರ್ಷಗಳ ಬರವಣಿಗೆಯನ್ನು ಅವರು ಆ ಗೆಳತಿಯಿಲ್ಲದೆಯೇ ಮಾಡಬೇಕಾಯಿತು. ಓದುಗರ ಪಾಲಿಗೆ ಒಬ್ಬರು ಹೋಗಿ ಇನ್ನೊಬ್ಬರು ಬಂದಂತಾಯಿತು. ಆದರೆ ಬಂದವರು ಹೋದವರ ಜಾಗದಲ್ಲಿ ಕುಳಿತುಕೊಳ್ಳಲಿಲ್ಲ.

ಇಬ್ಬರ ಕಾದಂಬರಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದವರಿಗೆ ಈ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ತ್ರಿವೇಣಿಯವರಲ್ಲಿ ಪ್ರೇಮ ಮನಸ್ಸಿನೊಳಗೆ ನಡೆಯುವ ಘಟನೆ. ಶರಪಂಜರದ ಕಾವೇರಿ ಬಾಣಂತನದ ನಂತರ ಮನೋರೋಗಕ್ಕೆ ತುತ್ತಾಗುತ್ತಾಳೆ. ಗುಣವಾಗಿ ಮನೆಗೆ ಮರಳಿದ ಮೇಲೆ ಗಂಡನೂ ಬಂಧುಗಳೂ ಆಕೆಯನ್ನು ನೋಡುವ ನೋಟವೇ ಆಕೆಯನ್ನು ಮತ್ತೆ ಕೆಡವುತ್ತದೆ. ಅಲ್ಲಿ ಊರು ಯಾವುದಾದರೂ ನಡೆದೀತು. ಇಂದಿರಾ ಅವರಲ್ಲಿ ಹಾಗಲ್ಲ. ಅವರ ಕಾದಂಬರಿಗಳಲ್ಲಿ ಪ್ರೇಮಕ್ಕೆ ಅಡ್ಡ ಬರುವುದು ಅತ್ತೆ, ಅಜ್ಜಿ, ಜಾತಕ, ಮಡಿ, ಆಸ್ತಿ, ಊರಿನ ಬಾಯಿ. ನಾಯಕ ನಾಯಕಿಯರು ಇಬ್ಬರೇ ಕುಳಿತು ಮಾತಾಡಲು ಆ ದೊಡ್ಡ ಮನೆಗಳಲ್ಲಿ ಒಂದು ಮೂಲೆಯೂ ಸಿಕ್ಕುವುದಿಲ್ಲ. ಮಲೆನಾಡಿನ ಆಡುಮಾತು, ಅಡುಗೆ, ಶಾಸ್ತ್ರ ಸಂಪ್ರದಾಯಗಳು ಅಲ್ಲಿ ಅಲಂಕಾರಕ್ಕಾಗಿ ಬಂದವುಗಳಲ್ಲ. ಅವುಗಳನ್ನು ತೆಗೆದರೆ ಕಥೆಯೇ ನಡೆಯದು. ತಗ್ಗಿನ ಮನೆ ಸೀತೆ, ನೂರೊಂದು ಬಾಗಿಲು ಎಂಬ ಹೆಸರುಗಳನ್ನೇ ನೋಡಿ, ಎರಡರಲ್ಲಿಯೂ ಮನೆಯೇ ಮುಂದೆ ನಿಂತಿದೆ. ಗೆಳತಿಯ ಕಾದಂಬರಿಗಳನ್ನು ಓದಿದ್ದರಿಂದ ಇಂದಿರಾ ಅವರಿಗೆ ದೊರೆತದ್ದು ಹೆಣ್ಣಿನ ಬದುಕು ಕಾದಂಬರಿಯ ವಸ್ತುವಾಗಬಲ್ಲುದೆಂಬ ನಂಬಿಕೆ. ವಸ್ತುವನ್ನು ಮಾತ್ರ ಅವರು ತಮ್ಮ ತವರಿನಿಂದಲೇ ತಂದರು. ಓದಿನ ನೆರಳಿಗೆ ಹೆದರುವವರು ಈ ಎರಡನ್ನೂ ಬೇರೆ ಮಾಡಿ ನೋಡುವುದಿಲ್ಲವೆಂದು ನಮಗನ್ನಿಸುತ್ತದೆ.

ಈ ಬಗೆಯ ಕಾದಂಬರಿಗಳಿಗೆ ಅಡುಗೆಮನೆ ಸಾಹಿತ್ಯವೆಂಬ ಮೂದಲಿಕೆ ಅಂಟಿಕೊಂಡದ್ದೂ ಉಂಟು. ನವ್ಯದ ಭರಾಟೆಯ ಆ ದಿನಗಳಲ್ಲಿ ವಿಮರ್ಶಕರು ಜನಪ್ರಿಯ ಲೇಖಕಿಯರತ್ತ ತಿರುಗಿ ನೋಡಿದ್ದು ಕಡಿಮೆ. ಇಂದಿರಾ ಅವರ ಎಲ್ಲ ಕೃತಿಗಳೂ ಒಂದೇ ತೂಕದವೆಂದು ನಾವೂ ಹೇಳಲಾರೆವು. ಸುಮಾರು ಐವತ್ತು ಕಾದಂಬರಿಗಳನ್ನೂ ಅನೇಕ ಕಥಾಸಂಕಲನಗಳನ್ನೂ ಬರೆದವರಲ್ಲಿ ಕೆಲವು ಅವಸರದವು, ಕೆಲವು ಪ್ರಕಾಶಕರ ಒತ್ತಾಯದವು ಇರುವುದು ಸಹಜ. ಆದರೂ ಸದಾನಂದ 1965ರಲ್ಲಿ, ನವರತ್ನ 1967ರಲ್ಲಿ ಮತ್ತೆ ಅಕಾಡೆಮಿಯ ಮನ್ನಣೆ ಗಳಿಸಿದವು.

ಓದುಗರಿಗೆ ಮಾತ್ರ ವಿಮರ್ಶಕರ ಶಿಫಾರಸು ಬೇಕಿರಲಿಲ್ಲ. ನಮ್ಮ ದೆಹಲಿಯ ಉದಾಹರಣೆಯನ್ನೇ ಹೇಳುವುದಾದರೆ, ಒಂದು ಕಾಲಕ್ಕೆ ವಿನಯ ನಗರವೆಂದು ಕರೆಸಿಕೊಳ್ಳುತ್ತಿದ್ದ ಸರೋಜಿನಿ ನಗರದ ಸರ್ಕಾರಿ ವಸತಿಗೃಹಗಳಲ್ಲಿ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದ ಕನ್ನಡಿಗರ ಕುಟುಂಬಗಳು ನೆಲೆಸಿದ್ದವು. ರಜೆಗೆ ಊರಿಗೆ ಹೋಗಿ ಬಂದವರ ಟ್ರಂಕಿನಲ್ಲಿ ಹಪ್ಪಳ, ಸಂಡಿಗೆ, ಚಟ್ನಿಪುಡಿಗಳ ಜೊತೆಗೆ ಎರಡು ಮೂರು ಕಾದಂಬರಿಗಳು ಇದ್ದೇ ಇರುತ್ತಿದ್ದವು. 1980ರ ದಶಕದಲ್ಲಿ ನಾವು ಕಂಡಂತೆ, ಕಂದು ಕಾಗದದ ಹೊದಿಕೆ ಹಾಕಿದ ಒಂದು ಪ್ರತಿ ಬ್ಲಾಕಿನಿಂದ ಬ್ಲಾಕಿಗೆ ಸಾಗಿ, ತಿಂಗಳುಗಟ್ಟಲೆ ಕಳೆದು, ಮೂಲೆ ಮಡಚಿ, ಅರಿಸಿನದ ಕಲೆ ಹೊತ್ತು ಒಡತಿಯ ಮನೆ ಸೇರುತ್ತಿತ್ತು. ವಿನಾಯಕ ಮಂದಿರದಲ್ಲಿ ಭೇಟಿಯಾದ ಗೃಹಿಣಿಯರು ಮಂಗಳಾರತಿ ಮುಗಿಯುತ್ತಲೇ ಕಥೆ ಎಲ್ಲಿಗೆ ಬಂದಿತೆಂದು ವಿಚಾರಿಸಿಕೊಳ್ಳುತ್ತಿದ್ದರು. ಕೇಂದ್ರ ಸಂಪುಟ 2016ರಲ್ಲಿ ಏಳು ಸರ್ಕಾರಿ ಬಡಾವಣೆಗಳ ಪುನರಭಿವೃದ್ಧಿಗೆ ಒಪ್ಪಿಗೆಯಿತ್ತ ಮೇಲೆ ಆ ಹಳೆಯ ಮನೆಗಳು ಒಂದೊಂದಾಗಿ ನೆಲಸಮವಾದವು. ಆ ಪ್ರತಿಗಳು ಯಾರ ಯಾರ ಅಟ್ಟ ಸೇರಿದುವೋ!

ಪುಸ್ತಕ ಓದದವರಿಗೂ ಇಂದಿರಾ ಅವರ ಹೆಸರನ್ನು ಮುಟ್ಟಿಸಿದ್ದು ಗೆಜ್ಜೆಪೂಜೆ. ವೇಶ್ಯಾವೃತ್ತಿಯ ಮನೆಯಲ್ಲಿ ಹುಟ್ಟಿ, ಓದಿ, ಮದುವೆಯಾಗಿ ಎಲ್ಲರಂತೆ ಬಾಳಬೇಕೆಂದು ಹಂಬಲಿಸುವ ಚಂದ್ರಾಳ ಕಥೆಯಿದು. ಆಕೆಯದು ಮನಸ್ಸುಗಳೆರಡೂ ಕೂಡಿದ ಪ್ರೇಮವೇ. ಆದರೆ ಗೆಜ್ಜೆಪೂಜೆಯ ಶಾಸ್ತ್ರ ನಡೆದುಬಿಟ್ಟರೆ ಆ ಪ್ರೇಮಕ್ಕೆ ಮದುವೆಯ ದಾರಿ ಮುಚ್ಚಿದಂತೆಯೇ. ಪುಟ್ಟಣ್ಣ ಕಣಗಾಲರು 1969ರಲ್ಲಿ ಇದನ್ನು ತೆರೆಗೆ ತಂದರು. ಆ ಸಾಲಿನ ಅತ್ಯುತ್ತಮ ಕನ್ನಡ ಚಿತ್ರಕ್ಕೂ ಅತ್ಯುತ್ತಮ ಚಿತ್ರಕಥೆಗೂ ಸಲ್ಲುವ ರಾಷ್ಟ್ರೀಯ ಪ್ರಶಸ್ತಿಗಳು ಅದಕ್ಕೆ ಬಂದವು. ಚಂದ್ರಾಳಾಗಿ ಅಭಿನಯಿಸಿದವರು ಕಲ್ಪನಾ. ಅದೇ ಪುಟ್ಟಣ್ಣನವರು, ಅದೇ ಕಲ್ಪನಾ, 1967ರಲ್ಲಿ ತ್ರಿವೇಣಿಯವರ ಬೆಳ್ಳಿಮೋಡವನ್ನೂ 1971ರಲ್ಲಿ ಶರಪಂಜರವನ್ನೂ ಜನರ ಮುಂದಿಟ್ಟರು. ಮಂಡ್ಯದ ಗೆಳತಿಯರಿಬ್ಬರ ನಾಯಕಿಯರು ಬೆಳ್ಳಿತೆರೆಯಲ್ಲಿ ಒಂದೇ ಮುಖದಿಂದ ಕಾಣಿಸಿಕೊಂಡದ್ದು ಹೀಗೆ. ತ್ರಿವೇಣಿ ಇವಾವುದನ್ನೂ ನೋಡಲಿಲ್ಲ.

ಇಂದಿರಾ ಅವರ ಹೆಸರನ್ನು ಕಾಲ ಉಳಿಸುವುದಾದರೆ ಫಣಿಯಮ್ಮ ಕಾದಂಬರಿಗಾಗಿ ಉಳಿಸೀತು ಎಂಬುದು ನಮ್ಮ ಎಣಿಕೆ. 1976ರಲ್ಲಿ ಅಕಾಡೆಮಿಯ ಪ್ರಶಸ್ತಿ ಪಡೆದ ಈ ಕೃತಿಯಲ್ಲಿ ಪ್ರೇಮವೇ ಇಲ್ಲ. ಬಾಲ್ಯದಲ್ಲಿಯೇ ಮದುವೆಯಾಗಿ, ಮದುವೆಯೆಂದರೇನೆಂದು ತಿಳಿಯುವ ಮೊದಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ಕೆಂಪು ಸೀರೆಯುಟ್ಟು, ನೂರು ವರ್ಷಕ್ಕೂ ಮೀರಿ ಬದುಕಿದ ಹೆಂಗಸಿನ ಕಥೆ ಇದು. ಫಣಿಯಮ್ಮ ಕಲ್ಪನೆಯ ಪಾತ್ರವಲ್ಲ. ಲೇಖಕಿಯ ಬಂಧುವರ್ಗದಲ್ಲಿಯೇ ಬಾಳಿದವರು. ಅವರು ತಮ್ಮ ಜೀವನವನ್ನು ಬನಶಂಕರಮ್ಮನವರೊಡನೆ ಹೇಳಿಕೊಂಡಿದ್ದರು, ತಾಯಿಯಿಂದ ಅದು ಮಗಳಿಗೆ ಬಂದಿತು. ಇಡೀ ಊರಿನ ಬಾಣಂತನ, ಶುಭಕಾರ್ಯಗಳಿಗೆಲ್ಲ ಆಸರೆಯಾಗಿ ನಿಂತ ಆ ಹಿರಿಯ ಜೀವ, ತಲೆ ಬೋಳಿಸಲು ಒಪ್ಪದ ಎಳೆಯ ವಿಧವೆಯ ಪರವಾಗಿ ಕಡೆಗೆ ಮಾತನಾಡುತ್ತದೆ. ತಾನು ತುಟಿಪಿಟಕ್ಕೆನ್ನದೆ ಸಹಿಸಿದ್ದು ಇನ್ನೊಬ್ಬಳಿಗೆ ಬರಬಾರದೆಂದು ಬಯಸುವ ಆ ಭಾಗವನ್ನು ಓದಿದ ಮೇಲೆ ಅಡುಗೆಮನೆ ಸಾಹಿತ್ಯವೆಂಬ ಮಾತು ಬೈಗುಳವಾಗಿ ಕೇಳಿಸುವುದಿಲ್ಲ. ಇಂತಹ ಕಥೆ ಅಡುಗೆಮನೆಯಲ್ಲಲ್ಲದೆ ಇನ್ನೆಲ್ಲಿ ಕೇಳಸಿಕ್ಕೀತು?

ನಮ್ಮ ಒಂದು ಊಹೆಯನ್ನು ಇಲ್ಲಿ ಹೇಳಬಹುದು. ಈ ಕಥೆಯನ್ನು ಇಂದಿರಾ ಅವರು ತಮ್ಮ ಮೊದಲ ಕಾದಂಬರಿಯಾಗಿ ಬರೆದಿದ್ದರೆ ಇದು ಈ ರೂಪದಲ್ಲಿ ಬರುತ್ತಿರಲಿಲ್ಲ. ಪ್ರೇಮ, ಮದುವೆ, ಅಗಲಿಕೆಗಳ ಹತ್ತಾರು ಕಾದಂಬರಿಗಳನ್ನು ಓದಿ, ಹತ್ತಾರನ್ನು ಬರೆದು ಕೈ ಪಳಗಿದ ಮೇಲೆಯೇ, ಅವೆಲ್ಲವೂ ಕೈತಪ್ಪಿದ ಬಾಳನ್ನು ಅಷ್ಟು ತಣ್ಣಗೆ, ಕಣ್ಣೀರು ಸುರಿಸದೆ ಹೇಳಲು ಅವರಿಗೆ ಸಾಧ್ಯವಾಗಿರಬೇಕು.

ಪ್ರೇಮಾ ಕಾರಂತರು 1983ರಲ್ಲಿ ಫಣಿಯಮ್ಮ ಚಿತ್ರವನ್ನು ನಿರ್ದೇಶಿಸಿದರು. ಎಲ್. ವಿ. ಶಾರದಾ ಅವರ ಅಭಿನಯವನ್ನು ಕಂಡವರು ಮರೆತಿರಲಾರರು. ತೇಜಸ್ವಿನಿ ನಿರಂಜನ ಅವರು ಕಾದಂಬರಿಯನ್ನು ಇಂಗ್ಲಿಷಿಗೆ ಅನುವಾದಿಸಿದರು. ಅದನ್ನು 1989ರಲ್ಲಿ ಹೊರತಂದದ್ದು ಊರ್ವಶಿ ಬುಟಾಲಿಯಾ ಮತ್ತು ರಿತು ಮೆನನ್ ಅವರು ನಮ್ಮ ದೆಹಲಿಯಲ್ಲಿಯೇ 1984ರಲ್ಲಿ ಸ್ಥಾಪಿಸಿದ್ದ ಕಾಳಿ ಫಾರ್ ವಿಮೆನ್ ಎಂಬ ಪ್ರಕಾಶನ ಸಂಸ್ಥೆ. ತೀರ್ಥಹಳ್ಳಿಯ ಸೀಮೆಯ ಹೆಂಗಸೊಬ್ಬಳ ಬಾಳು ಹೀಗೆ ದೆಹಲಿಯ ಮೂಲಕ ಹೊರನಾಡಿನ ಓದುಗರ ಕೈಸೇರಿತು. ಬಂಗಾಳಿ, ತಮಿಳು, ಪಂಜಾಬಿ ನೆರೆಹೊರೆಯವರಿಗೆ ನಮ್ಮ ಕಾದಂಬರಿಗಾರ್ತಿಯೊಬ್ಬರನ್ನು ಪರಿಚಯಿಸಬೇಕೆಂದು ಬಯಸುವ ದೆಹಲಿಯ ಕನ್ನಡಿಗರಿಗೆ ಆ ಅನುವಾದ ದೊಡ್ಡ ಉಪಕಾರ.

ಎಂ. ಕೆ. ಇಂದಿರಾ ಅವರು 1994ರ ಮಾರ್ಚ್ 15ರಂದು ತಮ್ಮ ಎಪ್ಪತ್ತೇಳನೆಯ ವಯಸ್ಸಿನಲ್ಲಿ ನಿಧನರಾದರು. ಲೇಖಕಿಯರಿಗೆ ಅವರ ಹೆಸರಿನಲ್ಲಿ ಪ್ರಶಸ್ತಿಯೊಂದು ಏರ್ಪಟ್ಟಿತು. ತುಂಗಭದ್ರಾ, ಗೆಜ್ಜೆಪೂಜೆ, ಫಣಿಯಮ್ಮ ಈ ಮೂರನ್ನು ಇನ್ನೂ ಓದಿರದ ಸದಸ್ಯರು ಇದೇ ಕ್ರಮದಲ್ಲಿ ಓದಬಹುದು. ಕಾದಂಬರಿ ಬರೆಯುತ್ತಿರುವವರು ನಮ್ಮಲ್ಲಿ ಯಾರಾದರೂ ಇದ್ದರೆ, ಹಸ್ತಪ್ರತಿ ಅರ್ಧಕ್ಕೆ ನಿಂತಿರುವಾಗಲೂ ಓದಬಹುದು.